ಕೋಟು ಬಿಚ್ಚೋ ಅಧಿಕಾರ ಯಾರಿಗಿದೆ?

ನನಗೆ ಬರುವ ಮೆಸೇಜುಗಳಲ್ಲಿ ರಾಜಕೀಯದ ಪ್ರಶ್ನೆಗಿಂತ ಹೆಚ್ಚು ಸಲ ಬರುವ ಪ್ರಶ್ನೆ ಒಂದಿದೆ. 'ಸಾರ್, ಟಿವಿಯಲ್ಲಿ ಕೋಟು, ಟೈ ಕಾಣ್ತದೆ. ಟೇಬಲ್ ಕೆಳಗೆ ಏನು ಹಾಕಿರ್ತೀರಿ?' ಪ್ಯಾಂಟೇ ಹಾಕಿರ್ತೀನಿ ಸ್ವಾಮಿ, ನೀವು ಅಂದುಕೊಂಡಷ್ಟು ಮಜಾ ಏನೂ ಅಲ್ಲಿಲ್ಲ. ಆದರೆ ಯಾರೂ ಕೇಳದೆ ಇರೋ ಇನ್ನೊಂದು ಪ್ರಶ್ನೆ ಇದೆ. ಟೇಬಲ್ ಮೇಲಿನ ಕೋಟು ಯಾಕೆ? ಅದೂ ಏಪ್ರಿಲ್ ತಿಂಗಳಲ್ಲಿ?

ಒಂದು ಸಲ ಕಣ್ಣಮುಂದೆ ತಂದುಕೊಳ್ಳಿ. ರಾಯಚೂರು, ಕಲಬುರಗಿ ಕಡೆ ಬಿಸಿಲು 42 ದಾಟಿದೆ. ಆ್ಯಂಕರ್ ಬುಲೆಟಿನ್ ಓದ್ತಿದ್ದಾನೆ. 'ಮಧ್ಯಾಹ್ನ 12ರಿಂದ 3ರವರೆಗೆ ಹೊರಗೆ ಹೋಗಬೇಡಿ. ತಿಳಿ ಬಣ್ಣದ, ಸಡಿಲವಾದ ಹತ್ತಿ ಬಟ್ಟೆ ಧರಿಸಿ.' ಇದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಪ್ರತಿ ಬೇಸಿಗೆಯಲ್ಲೂ ಕೊಡುವ ಸಲಹೆ. ಓದುವವನ ಮೈಮೇಲೆ ಏನಿದೆ? ಬನಿಯನ್, ತುಂಬು ತೋಳಿನ ಶರ್ಟು, ಅದರ ಮೇಲೆ ಕಡುಬಣ್ಣದ ಕೋಟು, ಕುತ್ತಿಗೆಗೆ ಟೈ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ!

ನಮಗೇನು ತೊಂದರೆ ಇಲ್ಲ ಬಿಡಿ. ಸ್ಟುಡಿಯೋದಲ್ಲಿ ಎಸಿ ಇದೆ. ಕ್ಯಾಮೆರಾ, ಸರ್ವರ್, ದೀಪ ಎಲ್ಲದಕ್ಕೂ ತಂಪು ಬೇಕು, ಆ ತಂಪಿನಲ್ಲಿ ಕೋಟು ಹಿತವಾಗೇ ಇರುತ್ತೆ. ಕಾಲರ್ ಮೈಕು ಸಿಕ್ಕಿಸೋಕೂ ಅನುಕೂಲ. ನಾನು ಇವತ್ತು ಮಾತಾಡಬೇಕು ಅಂದುಕೊಂಡಿರೋದು ನನ್ನ ಕೋಟಿನ ಬಗ್ಗೆ ಅಲ್ಲ. ಎಸಿ ಇಲ್ಲದ ಕಡೆ ಕೋಟು ಹಾಕ್ಕೊಂಡು ನಿಂತಿರೋರ ಬಗ್ಗೆ. ಆದರೆ ಅಲ್ಲಿಗೆ ಹೋಗೋ ಮುಂಚೆ ಈ ಕೋಟು ಮತ್ತು ಎಸಿ ರಿಮೋಟಿನ ನಂಟು ಏನು ಅಂತ ಸ್ವಲ್ಪ ಅರ್ಥ ಮಾಡಿಕೊಳ್ಳಬೇಕು.

ಕೋಟಿಗೂ ಒಂದು ಅಳತೆ ಇದೆ

ಬಟ್ಟೆ ಎಷ್ಟು ಬೆಚ್ಚಗಿಡುತ್ತೆ ಅಂತ ಅಳೆಯೋಕೆ ವಿಜ್ಞಾನಿಗಳು 1941ರಲ್ಲಿ ಒಂದು ಮಾನ ಮಾಡಿಕೊಂಡರು. ಅದರ ಹೆಸರು 'ಕ್ಲೋ'. ಹಾಲಿಗೆ ಲೀಟರ್ ಇದ್ದ ಹಾಗೆ ಬಟ್ಟೆಯ ಬೆಚ್ಚಗಿಗೆ ಕ್ಲೋ. ಒಂದು ಕ್ಲೋ ಅಂದರೆ ಎಷ್ಟು? 21 ಡಿಗ್ರಿ ಉಷ್ಣಾಂಶದ ಕೋಣೆಯಲ್ಲಿ ಸುಮ್ಮನೆ ಕೂತಿರುವ ಮನುಷ್ಯನಿಗೆ ಚಳಿಯೂ ಆಗಬಾರದು, ಸೆಕೆಯೂ ಆಗಬಾರದು, ಅದಕ್ಕೆ ಎಷ್ಟು ಬಟ್ಟೆ ಬೇಕೋ ಅಷ್ಟು. ಹೆಚ್ಚೂಕಡಿಮೆ ಒಂದು ಪೂರ್ತಿ ಸೂಟು.

ಈ ವಾಕ್ಯವನ್ನ ಇನ್ನೊಂದು ಸಲ ಓದಿ. ಸೂಟು ಹಾಕಿದ ಮನುಷ್ಯನಿಗೆ ಹಿತವಾಗಿರೋದು 21 ಡಿಗ್ರಿ. ನಮ್ಮೂರಲ್ಲಿ ಬೇಸಿಗೆ ಮಧ್ಯಾಹ್ನ 21 ಡಿಗ್ರಿ ಎಲ್ಲಿರುತ್ತೆ ಸ್ವಾಮಿ? ತಂಪಿನ ಊರು ಅಂತ ಹೆಸರಾಗಿದ್ದ ಬೆಂಗಳೂರಲ್ಲೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಯಿತು. ಹಾಗಾದರೆ 21 ಡಿಗ್ರಿಯನ್ನ ತರಬೇಕಾದವರು ಯಾರು? ಎಸಿ. ಅಂದರೆ ನಾವು ಮೊದಲು ಮೈ ಬಿಸಿ ಮಾಡಿಕೊಳ್ಳೋ ಬಟ್ಟೆ ಹಾಕ್ತೀವಿ, ಆಮೇಲೆ ಆ ಬಿಸಿ ಇಳಿಸೋಕೆ ಕರೆಂಟು ಸುಡ್ತೀವಿ.

ಕೋಟು ತೆಗೆದು ಬರೀ ಶರ್ಟು, ಪ್ಯಾಂಟಿನಲ್ಲಿ ಕೂತರೆ ಬಟ್ಟೆಯ ಅಳತೆ ಅರ್ಧ ಕ್ಲೋ ಆಸುಪಾಸಿಗೆ ಇಳಿಯುತ್ತೆ. ಅಷ್ಟಕ್ಕೇ ಕೋಣೆಯ ಉಷ್ಣಾಂಶ ಸುಮಾರು ಎರಡು ಡಿಗ್ರಿ ಹೆಚ್ಚಿದ್ದರೂ ಮೈಗೆ ಗೊತ್ತಾಗಲ್ಲ. ಜೊತೆಗೆ ತಲೆ ಮೇಲೆ ಒಂದು ಫ್ಯಾನ್ ತಿರುಗಿದರೆ ಇನ್ನೂ ಎರಡು, ಮೂರು ಡಿಗ್ರಿ ತಡೆದುಕೊಳ್ಳಬಹುದು. ಎಸಿ ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡ 6ರಷ್ಟು ವಿದ್ಯುತ್ ಉಳಿಯುತ್ತೆ ಅಂತ ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತೆ. ಒಂದು ಕೋಟು, ಒಂದು ಫ್ಯಾನು, ನಾಲ್ಕು ಡಿಗ್ರಿ. ಲೆಕ್ಕ ನೀವೇ ಹಾಕಿ.

ರಿಮೋಟಿಗಾಗಿ ಜಗಳ

ಈಗ ರಿಮೋಟಿಗೆ ಬರೋಣ. ಪ್ರತಿ ಆಫೀಸಲ್ಲೂ, ಪ್ರತಿ ಮನೆಯಲ್ಲೂ ಇರೋ ಜಗಳ ಇದು. ಒಬ್ಬರು 16ಕ್ಕೆ ಇಳಿಸ್ತಾರೆ, ಇನ್ನೊಬ್ಬರು ಶಾಲು ಹೊದ್ದುಕೊಂಡು ಗೊಣಗ್ತಾರೆ. ರಿಮೋಟಿನ ಮೇಲೆ ಹಿಮದ ಗುರುತು, ನೀರಹನಿ ಗುರುತು, ಎಲೆ ಗುರುತು, ಇನ್ನೂ ಏನೇನೋ. ಯಾವುದು ಯಾಕೆ ಅಂತ ಗೊತ್ತಿರೋರು ಮನೆಗೊಬ್ಬರು ಸಿಕ್ಕರೆ ಪುಣ್ಯ. ಮೊದಲು ಅಷ್ಟನ್ನ ತಿಳ್ಕೊಳ್ಳಿ. ಹಿಮದ ಗುರುತು ಅಂದರೆ ತಂಪು ಮಾಡುವ ಕೆಲಸ. ನೀರಹನಿ ಅಂದರೆ ಗಾಳಿಯ ತೇವ ತೆಗೆಯುವ ಕೆಲಸ. ಮಂಗಳೂರು, ಕಾರವಾರದ ಸೆಕೆಗೆ ಎಷ್ಟೋ ಸಲ ನೀರಹನಿ ಗುರುತೇ ಸಾಕು, ಯಾಕಂದ್ರೆ ಅಲ್ಲಿ ಕಾಟ ಕೊಡೋದು ಬಿಸಿಗಿಂತ ಹೆಚ್ಚಾಗಿ ತೇವ.

ಎರಡನೇದು, 16ಕ್ಕೆ ಇಟ್ಟರೆ ಕೋಣೆ ಬೇಗ ತಂಪಾಗುತ್ತೆ ಅನ್ನೋ ನಂಬಿಕೆ. ಅದು ಸ್ಕೂಟರಿನ ಆಕ್ಸಿಲರೇಟರ್ ಅಲ್ಲ, ತಿರುಗಿಸಿದಷ್ಟೂ ವೇಗ ಬರೋಕೆ. ಹಳೆಯ ಮಾದರಿಯ ಎಸಿ 16ಕ್ಕೆ ಇಟ್ಟರೂ 24ಕ್ಕೆ ಇಟ್ಟರೂ ಒಂದೇ ವೇಗದಲ್ಲಿ ತಣ್ಣಗೆ ಮಾಡುತ್ತೆ. ವ್ಯತ್ಯಾಸ ಇರೋದು ಎಲ್ಲಿ ನಿಲ್ಲಬೇಕು ಅನ್ನೋದರಲ್ಲಿ ಮಾತ್ರ. 24ಕ್ಕೆ ಇಟ್ಟರೆ ಅಲ್ಲಿ ನಿಲ್ಲುತ್ತೆ. 16 ಅಂದರೆ ಎಷ್ಟೋ ಕೋಣೆಗಳಲ್ಲಿ ಅದು ತಲುಪೋಕೇ ಆಗಲ್ಲ, ಹಾಗಾಗಿ ಕಂಪ್ರೆಸರ್ ನಿಲ್ಲೋದೇ ಇಲ್ಲ. ಹೊಸ ಇನ್ವರ್ಟರ್ ಎಸಿ ಗುರಿ ಹತ್ತಿರ ಬಂದಂತೆ ವೇಗ ಇಳಿಸಿಕೊಂಡು ಕರೆಂಟು ಉಳಿಸುತ್ತೆ. ಅದಕ್ಕೂ 16ರ ಗುರಿ ಕೊಟ್ಟರೆ ಇನ್ವರ್ಟರಿಗೆ ಕೊಟ್ಟ ಹೆಚ್ಚಿನ ದುಡ್ಡು ನೀರಲ್ಲಿ ಹೋಮ.

ಮೂರನೇದು, ಈ 'ಟನ್' ಲೆಕ್ಕ. ಒಂದೂವರೆ ಟನ್ ಎಸಿ ಅಂದರೆ ಅದರ ತೂಕ ಅಂದುಕೊಳ್ಳೋರು ಇದ್ದಾರೆ. ಹಿಂದೆ ಮಂಜುಗಡ್ಡೆಯಿಂದ ತಂಪು ಮಾಡ್ತಿದ್ದ ಕಾಲದ ಲೆಕ್ಕ ಇದು. ಒಂದು ಟನ್ ಮಂಜು 24 ಗಂಟೆಯಲ್ಲಿ ಕರಗುವಾಗ ಎಷ್ಟು ಬಿಸಿ ಹೀರಿಕೊಳ್ಳುತ್ತೋ ಅಷ್ಟು ಸಾಮರ್ಥ್ಯಕ್ಕೆ ಒಂದು ಟನ್ ಅಂತ ಹೆಸರು. ವಿದ್ಯುತ್ತಿನ ಭಾಷೆಯಲ್ಲಿ ಸುಮಾರು 3,500 ವ್ಯಾಟ್. ಒಂದೂವರೆ ಟನ್ ಎಸಿ ನಿಮ್ಮ ಕೋಣೆಯಿಂದ 5,000 ವ್ಯಾಟಿಗಿಂತ ಹೆಚ್ಚು ಬಿಸಿಯನ್ನ ಎತ್ತಿ ಹೊರಗೆ ಹಾಕುತ್ತೆ. ಆ ಕೆಲಸಕ್ಕೆ ತಾನು ಬಳಸುವ ಸುಮಾರು 1,500 ವ್ಯಾಟ್ ಕರೆಂಟೂ ಕೊನೆಗೆ ಬಿಸಿಯಾಗಿ ಹೊರಗೇ ಹೋಗುತ್ತೆ. ಎರಡೂ ಸೇರಿದರೆ 6,500 ವ್ಯಾಟ್. ಅಂದರೆ ಕಿಟಕಿ ಹೊರಗೆ ಆರು ಇಸ್ತ್ರಿ ಪೆಟ್ಟಿಗೆಗಳನ್ನ ಪೂರ್ತಿ ಬಿಸಿಗೆ ಇಟ್ಟು ಮರೆತುಬಿಟ್ಟ ಹಾಗೆ.

ಎಸಿ ಬಿಸಿಯನ್ನ ಕೊಲ್ಲಲ್ಲ. ಒಳಗಿಂದ ತೆಗೆದು ಹೊರಗೆ ಹಾಕುತ್ತೆ, ಅಷ್ಟೇ. ನಮ್ಮ ಮನೆ ಕಸ ಗುಡಿಸಿ ಪಕ್ಕದ ಮನೆ ಅಂಗಳಕ್ಕೆ ತಳ್ಳಿದ ಹಾಗೆ. ಆ ಹೊರಗಡೆ ಯಾರಿರ್ತಾರೆ? ತಳ್ಳುಗಾಡಿಯವರು, ಡೆಲಿವರಿ ಹುಡುಗರು, ಪೌರಕಾರ್ಮಿಕರು, ಗೇಟಿನ ಸೆಕ್ಯುರಿಟಿ. ನೆನಪಿಟ್ಟುಕೊಳ್ಳಿ, ಇವರ ಹತ್ತಿರ ನಾನು ಮತ್ತೆ ಬರ್ತೀನಿ.

ಇದು ಯಾರ ಮೈಯ ಅಳತೆ?

ಎಸಿ ಹುಟ್ಟಿದ ಕಥೆ ಗೊತ್ತಾ? 1902ರಲ್ಲಿ ಅಮೆರಿಕದ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೊಂದರೆ ಶುರುವಾಯಿತು. ಗಾಳಿಯ ತೇವಕ್ಕೆ ಕಾಗದ ಹಿಗ್ಗಿ, ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ವಿಲ್ಲಿಸ್ ಕ್ಯಾರಿಯರ್ ಅನ್ನೋ ಯುವ ಎಂಜಿನಿಯರ್ ಅದಕ್ಕೆ ಒಂದು ಯಂತ್ರದ ನಕ್ಷೆ ಬರೆದ. ಇವತ್ತಿನ ಎಸಿಯ ಮೂಲ ಅದು. ಮೊದಲು ತಂಪಾಗಿದ್ದು ಕಾಗದ, ಮನುಷ್ಯ ಆಮೇಲೆ.

ಮನುಷ್ಯರ ಸರದಿ ಬಂದಾಗ ಇನ್ನೊಂದು ಎಡವಟ್ಟಾಯಿತು. ಆಫೀಸು ಎಷ್ಟು ತಂಪಿರಬೇಕು ಅನ್ನೋ ಸೂತ್ರ ಗಟ್ಟಿಯಾಗಿದ್ದು 1960ರ ದಶಕದಲ್ಲಿ. ಆ ಲೆಕ್ಕಕ್ಕೆ ಮಾದರಿಯಾಗಿ ಕೂತವನು ಸುಮಾರು 40 ವರ್ಷದ, 70 ಕಿಲೋ ತೂಕದ ಗಂಡಸು. ಹೆಂಗಸರ ಮೈ ಸಾಮಾನ್ಯವಾಗಿ ಅಷ್ಟು ಶಾಖ ಹುಟ್ಟಿಸಲ್ಲ, ಈ ಸೂತ್ರ ಅವರಿಗೆ ಹೊಂದಲ್ಲ ಅಂತ ನೆದರ್ಲೆಂಡ್ಸಿನ ಇಬ್ಬರು ವಿಜ್ಞಾನಿಗಳು 2015ರಲ್ಲಿ ಅಳೆದು ತೋರಿಸಿದರು. ನಿಮ್ಮ ಆಫೀಸಲ್ಲಿ ಹೆಣ್ಣುಮಕ್ಕಳು ಮೇ ತಿಂಗಳಲ್ಲೂ ಸ್ವೆಟರ್ ತಂದು ಕುರ್ಚಿಗೆ ಹಾಕಿಟ್ಟಿರ್ತಾರಲ್ಲ, ಅದಕ್ಕೆ ಕಾರಣ ಅವರ ನಾಜೂಕು ಅಲ್ಲ. ಇನ್ಯಾವನದೋ ಮೈಯ ಅಳತೆಗೆ ಕೋಣೆ ಹೊಲಿಸಿದ್ದಾರೆ.

ಭಾರತೀಯರ ಅಳತೆ ಏನು ಅಂತಲೂ ನೋಡಿದವರಿದ್ದಾರೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಮತ್ತು ಜೊತೆಗಾರರು ದೇಶದ ಬೇರೆ ಬೇರೆ ಹವೆಯ ನಗರಗಳ ಆಫೀಸುಗಳಲ್ಲಿ ಜನರನ್ನೇ ಕೇಳಿ ಒಂದು ಭಾರತೀಯ ಮಾದರಿ ಸಿದ್ಧ ಮಾಡಿದರು. ವಿದೇಶಿ ಸೂತ್ರ ಹೇಳೋದಕ್ಕಿಂತ ಹೆಚ್ಚು ಬೆಚ್ಚಗಿನ ಕೋಣೆಯಲ್ಲೂ ನಮ್ಮ ಜನ ಆರಾಮಾಗಿರ್ತಾರೆ ಅಂತ ಅದರಿಂದ ಗೊತ್ತಾಯಿತು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ಈ ಮಾದರಿಗೆ ಜಾಗ ಸಿಕ್ಕಿದೆ. 2020ರ ಜನವರಿಯಿಂದ ಸ್ಟಾರ್ ಗುರುತಿನ ಎಸಿಗಳು ಆನ್ ಮಾಡಿದ ಕೂಡಲೇ 24 ಡಿಗ್ರಿಯಲ್ಲೇ ಶುರುವಾಗಬೇಕು ಅಂತ ನಿಯಮ ಬಂತು. 2025ರ ಜೂನ್‌ನಲ್ಲಿ ಕೇಂದ್ರ ಇಂಧನ ಸಚಿವರು, ಇನ್ಮೇಲೆ ಎಸಿಯನ್ನ 20ಕ್ಕಿಂತ ಕೆಳಗೆ ಇಳಿಸೋಕೇ ಆಗದ ಹಾಗೆ ಮಾಡ್ತೀವಿ ಅಂದರು. ಸರಿ, ಒಳ್ಳೇದೇ. ಆದರೆ ಎಸಿಗೆ ನಿಯಮ ತಂದವರು ಕೋಟಿನ ಬಗ್ಗೆ ಮಾತಾಡಲೇ ಇಲ್ಲ!

ಮೈಮೇಲೆ ಕೂತ ಸಾಮ್ರಾಜ್ಯ

ಬ್ರಿಟಿಷರು ಬಂದ ಹೊಸದರಲ್ಲಿ ಕೋಟು ಹಾಕ್ಕೊಂಡೇ ಕೂತಿರಲಿಲ್ಲ. ಕಂಪನಿಯ ಎಷ್ಟೋ ಅಧಿಕಾರಿಗಳು ಮನೆಯಲ್ಲಿ ಸಡಿಲವಾದ ನಿಲುವಂಗಿ, ಪೈಜಾಮ ಹಾಕ್ಕೊಂಡು ಆರಾಮಾಗಿದ್ದರು. ಪೈಜಾಮ ಅನ್ನೋ ಪದ ಇಂಗ್ಲಿಷಿಗೆ ಹೋಗಿದ್ದೇ ಇಲ್ಲಿಂದ. ನಮ್ಮ ಬಿಸಿಲಿಗೆ ನಮ್ಮ ಬಟ್ಟೆಯೇ ಸರಿ ಅಂತ ಅವರ ಮೈಗೆ ಗೊತ್ತಾಗಿತ್ತು. ಆದರೆ ವ್ಯಾಪಾರಿ ದೊರೆಯಾದ ಮೇಲೆ ಆಳುವವನು ಬೇರೆ ಥರ ಕಾಣಬೇಕಲ್ಲ? 1830ರಲ್ಲಿ ಕಂಪನಿಯ ನೌಕರರು ಸಾರ್ವಜನಿಕ ಸಮಾರಂಭಗಳಲ್ಲಿ ಭಾರತೀಯ ಉಡುಪು ಹಾಕಬಾರದು ಅಂತ ಆಜ್ಞೆ ಆಯಿತು. ಹವೆಗೆ ಅದರಲ್ಲಿ ಪಾತ್ರವೇ ಇರಲಿಲ್ಲ, ಅಲ್ಲಿದ್ದಿದ್ದು ಅಧಿಕಾರದ ಲೆಕ್ಕ ಒಂದೇ.

ಆಮೇಲೆ ಅವರು ಪಟ್ಟ ಪಾಡು ನೋಡಬೇಕು. ಕಾಲರಾ ಬರೋದು ಹೊಟ್ಟೆಗೆ ಶೀತ ಆಗಿ ಅಂತ ನಂಬಿ ಸಿಪಾಯಿಗಳ ಸೊಂಟಕ್ಕೆ ಉಣ್ಣೆಯ ಪಟ್ಟಿ ಕಟ್ಟಿಸ್ತಿದ್ದರು. ಅದಕ್ಕೆ 'ಕಾಲರಾ ಬೆಲ್ಟ್' ಅಂತಲೇ ಹೆಸರು. ಕಾಲರಾಕ್ಕೆ ಕಾರಣ ನೀರಿನಲ್ಲಿ ಬರುವ ರೋಗಾಣು ಅಂತ ರಾಬರ್ಟ್ ಕಾಖ್ 1884ರಲ್ಲಿ ಕಲ್ಕತ್ತಾದಲ್ಲೇ ತೋರಿಸಿದ ಮೇಲೂ ಆ ಪಟ್ಟಿ 20ನೇ ಶತಮಾನದವರೆಗೆ ಉಳಿಯಿತು. ಬಿಸಿಲಿನ ಕಿರಣ ಬಿಳಿಯರ ತಲೆಬುರುಡೆಗೆ ವಿಶೇಷ ಅಪಾಯ ಅಂತ ಸೋಲಾ ಟೋಪಿ ಬಂತು. ಎರಡನೇ ಮಹಾಯುದ್ಧದಲ್ಲಿ ಸೈನಿಕರು ಆ ಟೋಪಿ ಬಿಟ್ಟು ಕಾಡಲ್ಲಿ ಹೋರಾಡಿದರು, ಯಾರ ಬುರುಡೆಗೂ ವಿಶೇಷವಾಗಿ ಏನೂ ಆಗಲಿಲ್ಲ. ಟೋಪಿ ಹೋಯಿತು. ಒಂದು ಸಲ ನಿಯಮವಾಗಿ ಕೂತ ಬಟ್ಟೆ, ಕಾರಣ ಸತ್ತ ಮೇಲೂ ಬದುಕಿರುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹಾಗಂತ ಅವರು ಏನೂ ಕಲಿಯಲೇ ಇಲ್ಲ ಅಂತಲ್ಲ. ಕೆಲಸ ಆಗಬೇಕು ಅಂದಾಗ ಕಲಿತರು. 1840ರ ದಶಕದಲ್ಲಿ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡೆನ್ ಅನ್ನೋ ಅಧಿಕಾರಿ ತನ್ನ ಪಡೆಗೆ ಕೆಂಪು ಉಣ್ಣೆ ಕೋಟಿನ ಬದಲು ಮಣ್ಣಿನ ಬಣ್ಣದ ಸಡಿಲ ಬಟ್ಟೆ ಕೊಟ್ಟ. ಖಾಕಿ ಅಂದರೆ ಧೂಳಿನ ಬಣ್ಣ ಅಂತಲೇ ಅರ್ಥ. ಆ ಖಾಕಿಯ ಕಥೆಯಲ್ಲಿ ನಮ್ಮ ಮಂಗಳೂರಿಗೂ ಪಾಲಿದೆ. 1850ರ ದಶಕದಲ್ಲಿ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಎಂಬುವರು ಖಾಕಿ ಬಣ್ಣ ತಯಾರಿಸಿ ಬಟ್ಟೆಗೆ ಹಾಕಿದರು. ಅಂದರೆ ಬಿಸಿಲು, ಧೂಳು, ಕೆಲಸ ನೋಡಿ ಬಟ್ಟೆ ಬದಲಾಯಿಸೋದು ವಸಾಹತು ಕಾಲದಲ್ಲೇ ಸಾಧ್ಯವಾಗಿತ್ತು. ಸ್ವತಂತ್ರ ಭಾರತಕ್ಕೆ ಮಾತ್ರ ಯಾಕೆ ಕಷ್ಟ?

ಕೊಟ್ಟವರೇ ಬಿಟ್ಟರು

ಕೋಟು, ಟೈ ಇಲ್ಲದಿದ್ದರೆ ಗೌರವ ಹೋಗುತ್ತೆ ಅಂತ ಹೇಳೋರಿಗೆ ಇಂಗ್ಲೆಂಡಿನ ಕಥೆಯನ್ನೇ ಹೇಳೋಣ. ಟೈ ಮತ್ತು ಉದ್ದ ತೋಳು ಸೋಂಕು ಹರಡಬಹುದು ಅಂತ ಅಲ್ಲಿನ ಆರೋಗ್ಯ ಇಲಾಖೆ 2007ರಲ್ಲಿ ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳ ವೈದ್ಯರಿಗೆ ರೋಗಿಯನ್ನು ನೋಡುವಾಗ ಮೊಣಕೈಯಿಂದ ಕೆಳಗೆ ಬಟ್ಟೆ ಬೇಡ, ಟೈ ಬೇಡ ಅಂದಿತು. 2011ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು, ವಕೀಲರು ಪರಸ್ಪರ ಒಪ್ಪಿದರೆ ಗೌನು ಬಿಟ್ಟು ವಾದ ಮಾಡಬಹುದು ಅಂದಿತು. 2017ರಲ್ಲಿ ಅಲ್ಲಿನ ಸಂಸತ್ತಿನ ಸ್ಪೀಕರ್, ಸದನದಲ್ಲಿ ಟೈ ಕಡ್ಡಾಯ ಅಲ್ಲ ಅಂದರು. ಕೊಟ್ಟವರೇ ಬಿಟ್ಟರು, ಈಸಿಕೊಂಡವರು ಬಿಡ್ತಿಲ್ಲ.

ಏಷ್ಯಾದವರು ಏನು ಮಾಡಿದರು? 2005ರ ಬೇಸಿಗೆಯಲ್ಲಿ ಜಪಾನ್ ಸರಕಾರ 'ಕೂಲ್ ಬಿಜ್' ಅಂತ ಒಂದು ಅಭಿಯಾನ ಶುರು ಮಾಡಿತು. ಆಫೀಸಿನ ಎಸಿ 28ಕ್ಕೆ, ಕೋಟು, ಟೈ ಮನೆಯಲ್ಲಿ. ಪ್ರಧಾನಿ ಕೊಯಿಜುಮಿ ತಾವೇ ಟೈ ಬಿಚ್ಚಿ ಕ್ಯಾಮೆರಾ ಮುಂದೆ ಬಂದರು. ಟೈ ಮಾಡೋ ಕಂಪನಿಗಳು ಗೊಣಗಿದವು, ಆದರೂ ಅಭಿಯಾನ ನಿಂತಿತು. ಯಾಕೆ ನಿಂತಿತು? ಮೇಲಿನವರು ಮೊದಲು ಬಿಚ್ಚಿದರು, ಅದಕ್ಕೆ. ಕೆಳಗಿನ ಗುಮಾಸ್ತನಿಗೆ ಧೈರ್ಯ ಬಂತು. 2009ರಲ್ಲಿ ಬಾಂಗ್ಲಾದೇಶದಲ್ಲೂ ವಿದ್ಯುತ್ ಉಳಿಸೋಕೆ ಸರಕಾರ ತನ್ನ ಅಧಿಕಾರಿಗಳಿಗೆ ಮಾರ್ಚ್‌ನಿಂದ ನವೆಂಬರ್‌ವರೆಗೆ ಸೂಟು, ಟೈ ಬೇಡ, ಎಸಿ 24ಕ್ಕಿಂತ ಕೆಳಗೆ ಬೇಡ ಅಂತ ಹೇಳಿತು.

ನಮ್ಮಲ್ಲಿ? 2010ರಲ್ಲಿ ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಭೋಪಾಲದ ಒಂದು ಘಟಿಕೋತ್ಸವದಲ್ಲಿ ಗೌನು ಕಳಚಿಟ್ಟರು, ನಾಲ್ಕು ದಿನ ಚರ್ಚೆ ಆಯಿತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ತನ್ನ ವೈದ್ಯಕೀಯ ಸಂಸ್ಥೆಗಳಿಗೆ ಕಪ್ಪು ಗೌನು, ಟೋಪಿ ಬಿಟ್ಟು ಆಯಾ ರಾಜ್ಯದ ಉಡುಪು ಯೋಚಿಸಿ ಅಂದಿತು. ವರ್ಷಕ್ಕೆ ಒಂದು ದಿನ, ಎರಡು ಗಂಟೆ ಹಾಕೋ ಗೌನಿನ ಬಗ್ಗೆ ಇಷ್ಟು ಚರ್ಚೆ. ದಿನಾ ಹತ್ತು ಗಂಟೆ ಹಾಕೋರ ಬಗ್ಗೆ ಎಷ್ಟು ಚರ್ಚೆ ಆಗಿದೆ ಹೇಳಿ.

ಬೆವರಿನ ಲೆಕ್ಕ

ಈಗ ಹೊರಗೆ ನಿಂತವರ ಹತ್ತಿರ ಹೋಗೋಣ. ಮೊದಲು ಮೈ ತಂಪಾಗೋದು ಹೇಗೆ ಅಂತ ನೋಡಿ. ಗಾಳಿಯ ಬಿಸಿ ನಮ್ಮ ಚರ್ಮದ ಬಿಸಿಗಿಂತ, ಅಂದರೆ ಸುಮಾರು 35 ಡಿಗ್ರಿಗಿಂತ ಮೇಲೆ ಹೋದರೆ ಮೈಯಿಂದ ಶಾಖ ಗಾಳಿಗೆ ಹೋಗಲ್ಲ, ಗಾಳಿಯಿಂದಲೇ ಮೈಗೆ ಬರುತ್ತೆ. ಆಗ ಉಳಿಯೋದು ಒಂದೇ ದಾರಿ, ಬೆವರು. ಬೆವರು ಸುರಿದರೆ ಸಾಲದು, ಆರಬೇಕು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖ ಹೊತ್ತುಕೊಂಡು ಹೋಗುತ್ತೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗೋದು ಇದೇ ಲೆಕ್ಕದಲ್ಲಿ. ಈಗ ಆ ಮಡಕೆಗೆ ಪಾಲಿಯೆಸ್ಟರ್ ಕೋಟು ತೊಡಿಸಿ, ಕುತ್ತಿಗೆಗೆ ಟೈ ಬಿಗಿದುಬಿಡಿ. ನೀರು ತಣ್ಣಗಾಗುತ್ತಾ?

ಬೆವರು ಆರದೆ ಮೈಯೊಳಗಿನ ಬಿಸಿ 40 ಡಿಗ್ರಿ ದಾಟಿದರೆ ಅದು ಶಾಖಾಘಾತ. ಮಾತು ತೊದಲುತ್ತೆ, ಮನುಷ್ಯ ಗೊಂದಲಕ್ಕೆ ಬೀಳ್ತಾನೆ, ಪ್ರಜ್ಞೆ ತಪ್ಪುತ್ತೆ, ಪ್ರಾಣವೇ ಹೋಗಬಹುದು. ಅಂಥವರು ಕಂಡರೆ ತಕ್ಷಣ 108ಕ್ಕೆ ಕರೆ ಮಾಡಿ. ಗಾಡಿ ಬರೋವರೆಗೆ ನೆರಳಿಗೆ ತನ್ನಿ, ಹೊರಬಟ್ಟೆ ಬಿಚ್ಚಿ, ಮೈಮೇಲೆ ನೀರು ಹಾಕಿ ಗಾಳಿ ಬೀಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ನೋಡಿ, ಚಿಕಿತ್ಸೆಯ ಮೊದಲ ಹೆಜ್ಜೆಗಳಲ್ಲೇ 'ಹೊರಬಟ್ಟೆ ಬಿಚ್ಚಿ' ಅನ್ನೋದು ಇದೆ. ಬಿದ್ದ ಮೇಲೆ ಬಿಚ್ಚೋ ಬಟ್ಟೆಯನ್ನ ಬೀಳೋ ಮುಂಚೆಯೇ ಬಿಚ್ಚಿಸಬಾರದಾ?

ವಕೀಲರನ್ನ ತಗೊಳ್ಳಿ. ಬಾರ್ ಕೌನ್ಸಿಲಿನ ನಿಯಮದಲ್ಲೇ ಇದೆ, ಸುಪ್ರೀಂ ಕೋರ್ಟು ಮತ್ತು ಹೈಕೋರ್ಟು ಬಿಟ್ಟು ಉಳಿದ ಕಡೆ ಬೇಸಿಗೆಯಲ್ಲಿ ಕಪ್ಪು ಕೋಟು ಕಡ್ಡಾಯ ಅಲ್ಲ. ಅಂದರೆ ತಾಲೂಕು ಕೋರ್ಟಿನ ವಕೀಲರಿಗೆ ವಿನಾಯಿತಿ ಇದೆ. ಹೈಕೋರ್ಟಿಗೆ ಇಲ್ಲ. ನಮ್ಮ ಹೈಕೋರ್ಟಿನ ಒಂದು ಪೀಠ ಇರೋದು ಕಲಬುರಗಿಯಲ್ಲಿ! ನಿಯಮದ ಅಕ್ಷರ ಹಿಡಿದರೆ ಏಪ್ರಿಲ್‌ನ ಕಲಬುರಗಿಯಲ್ಲಿ ಕಪ್ಪು ಕೋಟು ಬೇಕು. ಎಲ್ಲ ಕೋರ್ಟಿಗೂ ವಿನಾಯಿತಿ ಕೊಡಿ ಅಂತ 2022ರಲ್ಲಿ, ಮತ್ತೆ 2024ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಎರಡು ಸಲವೂ ಕೋರ್ಟು ಮಧ್ಯೆ ಬರಲಿಲ್ಲ.

ಇನ್ನೊಂದು ವಿಚಿತ್ರ ನೋಡಿ. ಕಲಬುರಗಿ ವಿಭಾಗದ ಜಿಲ್ಲೆಗಳು, ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳು ಸರಕಾರಿ ಕಚೇರಿ ಸಮಯ ಬೆಳಗ್ಗೆ 8ರಿಂದ ಮಧ್ಯಾಹ್ನ 1.30. ಪ್ರತಿ ವರ್ಷ ಆದೇಶ ಬರುತ್ತೆ. ಬಿಸಿಲಿಗೆ ತಕ್ಕಂತೆ ಗಡಿಯಾರವನ್ನೇ ತಿರುಗಿಸಿದ ಸರಕಾರ ನಮ್ಮದು. ಗಡಿಯಾರ ತಿರುಗಿಸೋಕೆ ಆದರೆ ಒಂದು ಗುಂಡಿ ಬಿಚ್ಚಿಸೋಕೆ ಆಗಲ್ವಾ? ಆಗುತ್ತೆ. ನಮ್ಮ ಕಾನ್‌ಸ್ಟೇಬಲ್‌ಗಳ ತಲೆ ಮೇಲೆ ವರ್ಷಗಟ್ಟಲೆ ಕೂತಿದ್ದ ಸ್ಲೋಚ್ ಹ್ಯಾಟು 2025ರಲ್ಲಿ ಇಳಿದು ಪೀಕ್ ಕ್ಯಾಪ್ ಬರಲಿಲ್ವಾ? ಮನಸ್ಸು ಮಾಡಿದರೆ ಒಂದು ಆದೇಶದ ಕೆಲಸ ಅದು.

ಕೋಟು ಶತ್ರು ಅಲ್ಲ

ಇಷ್ಟು ಹೇಳಿದ ಮೇಲೆ ಕೆಲವರಿಗೆ ಖುಷಿಯಾಗಿರಬಹುದು. 'ಹೌದು ಸಾರ್, ಕೋಟು ಗುಲಾಮಗಿರಿ, ಎಲ್ಲರಿಗೂ ಪಂಚೆ ಕಡ್ಡಾಯ ಮಾಡಿಬಿಡಿ' ಅಂತ. ಸ್ವಲ್ಪ ತಡೀರಿ. ಈ ದೇಶದಲ್ಲಿ ಬಟ್ಟೆ ಬರೀ ಬಟ್ಟೆ ಆಗಿರಲಿಲ್ಲ. ತಿರುವಾಂಕೂರಿನಲ್ಲಿ ನಾಡಾರ್ ಹೆಣ್ಣುಮಕ್ಕಳು ಎದೆ ಮುಚ್ಚಿಕೊಳ್ಳೋ ಹಕ್ಕಿಗಾಗಿ ದಶಕಗಟ್ಟಲೆ ಹೊಡೆದಾಡಬೇಕಾಯಿತು, 1859ರಲ್ಲಿ ಅಲ್ಲಿನ ರಾಜ ಮಣಿಯಬೇಕಾಯಿತು. ಯಾರು ಎಷ್ಟು ಉಡಬೇಕು, ಚಪ್ಪಲಿ ಮೆಟ್ಟಬಹುದಾ ಅನ್ನೋದನ್ನ ಜಾತಿ ತೀರ್ಮಾನ ಮಾಡ್ತಿದ್ದ ನೆಲ ಇದು. ಅಂಥ ನೆಲದಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಸೂಟು ಹಾಕ್ಕೊಂಡು ನಿಂತರು. ಊರೂರಿನ ಪ್ರತಿಮೆಗಳಲ್ಲಿ ಆ ನೀಲಿ ಕೋಟು ಇವತ್ತಿಗೂ ಕೋಟ್ಯಂತರ ಜನರಿಗೆ ತಲೆ ಎತ್ತಿ ನಡೆಯೋ ಧೈರ್ಯ ಕೊಡುತ್ತೆ. ಅದನ್ನ ಗುಲಾಮಗಿರಿ ಅಂತ ಕರೆಯೋಕೆ ಯಾರಿಗೂ ಹಕ್ಕಿಲ್ಲ.

ಪಂಚೆಯ ಕಥೆಯೂ ನಮಗೆ ಗೊತ್ತು. 2014ರಲ್ಲಿ ಚೆನ್ನೈನ ಒಂದು ಕ್ಲಬ್ಬಿನಲ್ಲಿ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ಪಂಚೆ ಉಟ್ಟಿದ್ದಕ್ಕೆ ಒಳಗೆ ಬಿಡಲಿಲ್ಲ. ತಮಿಳುನಾಡು ಅದೇ ವರ್ಷ ಅದಕ್ಕೊಂದು ಕಾನೂನೇ ತಂದಿತು. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಬಾಗಿಲಲ್ಲೇ ತಡೆದರು. ವಿಧಾನಸಭೆಯಲ್ಲಿ ಚರ್ಚೆ ಆಯಿತು, ಏಳು ದಿನ ಮಾಲ್ ಮುಚ್ಚಿಸಲಾಯಿತು. ಆಗ ಎಲ್ಲ ಚಾನೆಲ್ಲೂ ಆ ಬಾಗಿಲ ದೃಶ್ಯವನ್ನ ತೋರಿಸಿದ್ದೇ ತೋರಿಸಿದ್ದು. ಅದರಲ್ಲಿ ಎಲ್ಲರೂ ರೈತನನ್ನ ನೋಡಿದರು. ನಾನು ಇವತ್ತು ಕೇಳೋದು, ಇಂಥ ಬಾಗಿಲುಗಳಲ್ಲಿ ನಿಲ್ಲೋ ಇನ್ನೊಬ್ಬನನ್ನೂ ಒಂದು ಸಲ ನೋಡಿ. ಸಮವಸ್ತ್ರ, ಬೂಟು, ಟೋಪಿ ಹಾಕ್ಕೊಂಡು ದಿನಕ್ಕೆ ಹನ್ನೆರಡು ಗಂಟೆ ನಿಲ್ಲೋ ಸೆಕ್ಯುರಿಟಿ. ಎಷ್ಟೋ ಸಲ ಅವನೂ ಯಾವುದೋ ಊರಿನ ರೈತನ ಮಗನೇ. ಅವನ ಮೈಮೇಲಿನ ಬಟ್ಟೆಯನ್ನ ತೀರ್ಮಾನ ಮಾಡಿದವರು ಇನ್ಯಾರೋ, ರೈತನ ಪಂಚೆಯನ್ನ ಬೇಡ ಅಂದವರೂ ಅವರೇ.

ಹಾಗಾಗಿ ನನ್ನ ಪ್ರಶ್ನೆ ಕೋಟು ಸರಿಯಾ ಪಂಚೆ ಸರಿಯಾ ಅನ್ನೋದಲ್ಲ. ಸೆಕೆ ಆದಾಗ ಕೋಟು ಬಿಚ್ಚೋ ಅಧಿಕಾರ ಯಾರಿಗಿದೆ? ಎಸಿ ರೂಮಿನ ಸಾಹೇಬರಿಗಿದೆ. ಅವರು ಕುರ್ಚಿಗೆ ನೇತುಹಾಕಿ ಆರಾಮಾಗಿ ಕೂರ್ತಾರೆ. ಮಂತ್ರಿಗಿದೆ, ಆ್ಯಂಕರಿಗಿದೆ. ಬೈಕ್ ಮೇಲೆ ಟೈ ಕಟ್ಟಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡೋ ಮೆಡಿಕಲ್ ರೆಪ್‌ಗೆ ಇಲ್ಲ. ಬಿಸಿಲಲ್ಲಿ ಪ್ರಾರ್ಥನೆಗೆ ನಿಂತ ಒಂದನೇ ಕ್ಲಾಸಿನ ಮಗುವಿಗೆ ಇಲ್ಲ. ಮದುವೆ ಮನೆಯಲ್ಲಿ ಒಲೆಯ ಪಕ್ಕ ಕೋಟು ಹಾಕ್ಕೊಂಡು ಬಡಿಸೋ ಹುಡುಗನಿಗೆ ಇಲ್ಲ. ಗೇಟಿನ ಸೆಕ್ಯುರಿಟಿಗೆ ಇಲ್ಲ. ಯಾರಿಗೆ ಬಿಸಿಲು ಜಾಸ್ತಿಯೋ ಅವರಿಗೆ ಅಧಿಕಾರ ಕಡಿಮೆ. ಬಿಳಿಯರು ಹೋಗಿ ಎಷ್ಟೋ ವರ್ಷ ಆಯಿತು, ಬಟ್ಟೆಯಲ್ಲಿ ದೊರೆ ಯಾರು, ಆಳು ಯಾರು ಅಂತ ಬರೆಯೋ ಪದ್ಧತಿ ಮಾತ್ರ ಇಲ್ಲೇ ಉಳಿದುಕೊಂಡಿದೆ.

ಏನು ಮಾಡಬಹುದು? ದೊಡ್ಡ ಕ್ರಾಂತಿ ಏನೂ ಬೇಡ. ಮಾರ್ಚ್‌ನಿಂದ ಮೇವರೆಗೆ ಕೋಟು, ಟೈ, ಗೌನು ಹಾಕೋದು ಹಾಕೋರ ಇಷ್ಟ ಅಂತ ಕೋರ್ಟು, ಕಚೇರಿ, ಶಾಲೆ, ಕಂಪನಿಗಳು ಒಂದು ಸಾಲಿನ ಆದೇಶ ಹೊರಡಿಸಲಿ. ಆಫೀಸಿನ ಎಸಿ 24ರಿಂದ 26, ಜೊತೆಗೆ ಫ್ಯಾನು. ಶಾಲೆಯ ಪೋಷಕರ ಸಭೆಯಲ್ಲಿ ಮಾರ್ಕ್ಸ್ ಕೇಳೋ ಜೊತೆಗೆ ಟೈ ಯಾಕೆ ಅಂತಲೂ ಒಂದು ಮಾತು ಕೇಳಿ.

ಇನ್ನೊಂದು ಕೆಲಸಕ್ಕೆ ಸರಕಾರವೂ ಬೇಡ, ಕೋರ್ಟೂ ಬೇಡ. ನಿಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿರೋ ಸೆಕ್ಯುರಿಟಿಯವರ ಸಮವಸ್ತ್ರ ಯಾವ ಬಟ್ಟೆಯದು ಅಂತ ವಿಚಾರಿಸಿ. ಪಾಲಿಯೆಸ್ಟರ್ ಆಗಿದ್ದರೆ ಹತ್ತಿಯ ಅರ್ಧ ತೋಳಿನ ಶರ್ಟು ಕೊಡಿಸೋಕೆ ಎಷ್ಟು ಖರ್ಚಾಗುತ್ತೆ ಅಂತ ಅಸೋಸಿಯೇಷನ್ ಮೀಟಿಂಗಿನಲ್ಲಿ ಕೇಳಿ. ಅವರ ಕ್ಯಾಬಿನ್ನಿಗೆ ಒಂದು ಫ್ಯಾನು, ಒಂದು ಮಡಕೆ ನೀರು, ಕೂರೋಕೆ ಒಂದು ಕುರ್ಚಿ ಇದೆಯಾ ನೋಡಿ. ಹಾಗೇ ಯಾರದಾದರೂ ಎಸಿಯ ಹೊರಪೆಟ್ಟಿಗೆ ಆ ಕ್ಯಾಬಿನ್ ಕಡೆಗೇ ಬಿಸಿ ಊದ್ತಿದೆಯಾ ಅಂತಲೂ ನೋಡಿ. ಊದ್ತಿದ್ದರೆ, ಮೊದಲು ಅದನ್ನ ತಿರುಗಿಸಿ.